ಪರದೆಯ ಮೇಲಿನ ಕೊನೆಕೊಯ್ಲು 16 ಎಂಎಂ ಫಿಲ್ಮಿಗೆ: ಶಿರಸಿಯ ಮೆತ್ತಿನಿಂದ ಕೆಲಸದ ಟಿಪ್ಪಣಿ

ಒಂದು ನಿಮಿಷದ ಅನಿಮೇಶನ್. ಸೆಕೆಂಡಿಗೆ 24ರ ಲೆಕ್ಕದಲ್ಲಿ 1,440 ಫ್ರೇಮ್. 16 ಎಂಎಂ ಫಿಲ್ಮಿನಲ್ಲಿ ಅಡಿಗೆ 40 ಫ್ರೇಮ್ ಬರುತ್ತದೆ, ಹಾಗಾಗಿ 36 ಅಡಿ ಫಿಲ್ಮು. ಕಂಪ್ಯೂಟರಿನಲ್ಲಿ ಬಿಡಿಸಿದ್ದನ್ನು ಮಾನಿಟರಿನ ಮೇಲೆ ಹಾಕಿ, ಎದುರಿಗೆ ಹಳೆಯ ಬೋಲೆಕ್ಸ್ ಕ್ಯಾಮೆರಾ ಇಟ್ಟು, ಒಂದೊಂದೇ ಫ್ರೇಮ್ ತೆಗೆದು, ಮನೆಯಲ್ಲೇ ತೊಳೆದು, ಪ್ರೊಜೆಕ್ಟರಿನಲ್ಲಿ ಓಡಿಸಿಯೂ ಆಯಿತು. ಪೂರ್ತಿ ಮುಗಿದಿಲ್ಲ, ಅದನ್ನು ಕೊನೆಗೆ ಹೇಳುತ್ತೇನೆ.

ಫಿಲ್ಮಿನ ಕಾಳು ಕಾಳು ನೋಟ ಬೇಕಿದ್ದರೆ ಸಾಫ್ಟ್‌ವೇರಿನಲ್ಲೇ ಹಾಕಬಹುದಲ್ಲ ಅಂತ ಕೇಳುವವರಿಗೆ: ಹೌದು, ಹಾಕಬಹುದು. ನನಗೆ ಪ್ರೊಜೆಕ್ಟರಿನಲ್ಲಿ ಕಟಕಟ ಅಂತ ಓಡುವ ಫಿಲ್ಮೇ ಬೇಕಿತ್ತು.

ಚಿತ್ರ ಬಿಡಿಸಿದ್ದು ತಂಗಿಯ ಮಗಳು, ಕ್ರಿಟಾ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರಿನಲ್ಲಿ. ಕೊನೆಗಾರ ಅಡಿಕೆ ಮರ ಹತ್ತುತ್ತಾನೆ, ಕೊನೆ (ಅಡಿಕೆ ಗೊನೆ) ಕೊಯ್ಯುತ್ತಾನೆ, ಕೊನೆ ನೇಣಿನ, ಅಂದರೆ ಹಗ್ಗದ, ಮೇಲೆ ಜಾರಿ ಕೆಳಗೆ ಬರುತ್ತದೆ, ಅವನು ಪಕ್ಕದ ಮರವನ್ನು ಎಳೆದುಕೊಂಡು ಅದಕ್ಕೆ ದಾಟುತ್ತಾನೆ. ಬರೀ ಗೆರೆಯ ಚಿತ್ರ, ಅಲ್ಲಲ್ಲಿ ಸ್ವಲ್ಪ ಬೂದು. ಸೆಕೆಂಡಿಗೆ 12 ಚಿತ್ರ, ಒಂದೊಂದನ್ನೂ ಎರಡು ಫ್ರೇಮ್ ತೆಗೆಯುವುದು. ಒಟ್ಟು 720 ಚಿತ್ರ.

1. ಕೈಯಲ್ಲಿದ್ದ ಸಾಮಾನು

ಬೋಲೆಕ್ಸ್ ಎಚ್16, ರಿಫ್ಲೆಕ್ಸ್ ಅಲ್ಲದ್ದು. ಅಂದರೆ ಲೆನ್ಸಿನ ಮೂಲಕ ನೋಡಲಾಗುವುದಿಲ್ಲ, ಬದಿಯಲ್ಲಿ ಬೇರೆ ವ್ಯೂಫೈಂಡರ್ ಇರುತ್ತದೆ. ಬ್ಯಾಟರಿ ಇಲ್ಲ, ಕೀಲಿ ಕೊಟ್ಟು ಓಡಿಸುವುದು. ಮುಂಬಯಿಯಲ್ಲಿದ್ದ ದೊಡ್ಡಪ್ಪನದ್ದು. ನಮ್ಮ ಕಡೆಯ ಮಳೆಗಾಲಕ್ಕೆ ಲೆನ್ಸಿನ ಅಂಚಿನಲ್ಲಿ ಬೂಸ್ಟು ಹಿಡಿದಿತ್ತು, ಆದರೆ ನಡುವೆ ಸ್ವಚ್ಛ. 25 ಎಂಎಂ ಸ್ವಿಟಾರ್ ಲೆನ್ಸು, ಎಫ್/1.4. ಹಳೆಯ ಬೋಲೆಕ್ಸುಗಳಲ್ಲಿ ಕೆಲವು ಎರಡೂ ಬದಿಗೆ ತೂತಿರುವ ಫಿಲ್ಮನ್ನೇ ಕೇಳುತ್ತವೆ. ಈಗ ಸಿಗುವುದು ಹೆಚ್ಚಾಗಿ ಒಂದೇ ಬದಿಯ ತೂತಿನದ್ದು. ತಗೊಳ್ಳುವ ಮೊದಲು ಹಲ್ಲಿನ ಚಕ್ರ ನೋಡಿಕೊಳ್ಳಿ. ನನ್ನದರಲ್ಲಿ ಒಂದೇ ಬದಿಗೆ ಹಲ್ಲು, ಬಚಾವಾದೆ.

ಫಿಲ್ಮು ಕೊಡಾಕ್ ಡಬಲ್-ಎಕ್ಸ್ 7222, ಕಪ್ಪು ಬಿಳುಪು ನೆಗೆಟಿವ್, ಹಗಲು ಬೆಳಕಿಗೆ ಐಎಸ್ಓ 250. 100 ಅಡಿ ಸುರುಳಿ, ಕೈಗೆ ಬರುವಾಗ 5,500 ರೂಪಾಯಿ. ಪೂರ್ತಿ ತೆಗೆದರೆ 4,000 ಫ್ರೇಮ್, 24ರಲ್ಲಿ ಎರಡು ನಿಮಿಷ 46 ಸೆಕೆಂಡು. ಫ್ರಿಜ್ಜಿನಲ್ಲಿಟ್ಟ ಡಬ್ಬಿಯನ್ನು ಹೊರಗೆ ತೆಗೆದ ಕೂಡಲೇ ಬಿಚ್ಚಬೇಡಿ. ನಮ್ಮ ತೇವದ ಗಾಳಿಗೆ ಫಿಲ್ಮಿನ ಮೇಲೆ ನೀರು ಕೂರುತ್ತದೆ. ನಾಲ್ಕೈದು ತಾಸು ಹಾಗೇ ಬಿಡಿ.

ಮಾನಿಟರ್ 24 ಇಂಚಿನ ಸಾಮಾನ್ಯ ಐಪಿಎಸ್, 1920×1080. ಅದರಲ್ಲಿ ನಡುವಿನ 1440×1080 ಮಾತ್ರ ಬಳಕೆ, ಯಾಕೆಂದರೆ 16 ಎಂಎಂ ಫ್ರೇಮು 4:3.

2. ಓಡುತ್ತಿರುವ ಪರದೆಯನ್ನೇ ನೇರ ತೆಗೆದದ್ದು

ಮೊದಲು ಸುಲಭದ ದಾರಿ. ಕಂಪ್ಯೂಟರಿನಲ್ಲಿ ವಿಡಿಯೋ ಓಡಿಸು, ಕ್ಯಾಮೆರಾ 24ಕ್ಕೆ ಇಟ್ಟು ಒತ್ತು. ಹತ್ತು ಅಡಿ ಫಿಲ್ಮು ಹೀಗೆ ಹೋಯಿತು. ಫಲಿತಾಂಶ ಎರಡು ಥರ ಕೆಟ್ಟಿತ್ತು.

ಒಂದು, ಕ್ಯಾಮೆರಾದ ಸ್ಪ್ರಿಂಗಿಗೂ ಕಂಪ್ಯೂಟರಿಗೂ ಹೊಂದಾಣಿಕೆ ಇಲ್ಲ. ಈ ಕ್ಯಾಮೆರಾದ ತಿರುಗುವ ಷಟರಿನ ತೆರೆದ ಭಾಗ 190 ಡಿಗ್ರಿ, 24ರಲ್ಲಿ ಪ್ರತಿ ಫ್ರೇಮಿಗೆ ಸುಮಾರು 1/45 ಸೆಕೆಂಡು ತೆರೆದಿರುತ್ತದೆ. ಅಷ್ಟರೊಳಗೆ ಪರದೆಯ ಚಿತ್ರ ಬದಲಾದರೆ ಎರಡೂ ಚಿತ್ರ ಒಂದೇ ಫ್ರೇಮಿನಲ್ಲಿ. ಕೊನೆಗಾರನಿಗೆ ನಾಲ್ಕು ಕೈ ಬಂದವು.

ಎರಡು, ಮಿನುಗು. ಪರದೆ ಜಾಸ್ತಿ ಬೆಳಕು ಅಂತ ಬ್ರೈಟ್‌ನೆಸ್ 20ಕ್ಕೆ ಇಳಿಸಿದ್ದೆ. ಅಲ್ಲೇ ಇರುವುದು ಸಮಸ್ಯೆ. ತುಂಬಾ ಎಲ್‌ಸಿಡಿ ಮಾನಿಟರುಗಳು ಬೆಳಕು ಕಡಿಮೆ ಮಾಡುವುದು ಹಿಂಬದಿಯ ಎಲ್‌ಇಡಿಯನ್ನು ಬೇಗ ಬೇಗ ಆರಿಸಿ ಹೊತ್ತಿಸಿ. ಕಣ್ಣಿಗೆ ಗೊತ್ತಾಗುವುದಿಲ್ಲ. ಸೆಕೆಂಡಿಗೆ 200 ಸಲ ಅಂತಿಟ್ಟುಕೊಳ್ಳಿ, 1/45 ಸೆಕೆಂಡಿನಲ್ಲಿ ನಾಲ್ಕೋ ಐದೋ ಮಿನುಗು ಸಿಗುತ್ತವೆ. ಒಂದು ಫ್ರೇಮಿಗೆ ನಾಲ್ಕು, ಇನ್ನೊಂದಕ್ಕೆ ಐದು ಸಿಕ್ಕಿದರೆ ಬೆಳಕು ಅಷ್ಟರಮಟ್ಟಿಗೆ ಏರುಪೇರು. ನಿಮ್ಮ ಮಾನಿಟರ್ ಹೀಗಾ ಅಂತ ನೋಡಲು ಕತ್ತಲೆ ಕೋಣೆಯಲ್ಲಿ ಬಿಳಿ ಪರದೆಯ ಎದುರು ಒಂದು ಪೆನ್ಸಿಲನ್ನು ಜೋರಾಗಿ ಆಡಿಸಿ. ಪೆನ್ಸಿಲ್ ಬೀಸಣಿಗೆಯ ಕಡ್ಡಿಗಳಂತೆ ಬಿಡಿಬಿಡಿಯಾಗಿ ಕಂಡರೆ ಮಿನುಗುತ್ತಿದೆ ಎಂದರ್ಥ. ನನ್ನದರಲ್ಲಿ ಬ್ರೈಟ್‌ನೆಸ್ 100ಕ್ಕೆ ಏರಿಸಿದ ಮೇಲೆ ಕಡ್ಡಿಗಳು ಮಾಯ. ಅಲ್ಲಿಂದ ಮುಂದೆ 100 ಬಿಟ್ಟು ಇಳಿಸಿಲ್ಲ.

ಹಳೆಯ ಡಬ್ಬಾ ಮಾನಿಟರ್, ಅದೇ ಸಿಆರ್‌ಟಿ, ಇರುವವರಿಗೆ ಇನ್ನೂ ತಲೆಬಿಸಿ. ಅದು ಮೇಲಿಂದ ಕೆಳಗೆ ಗೆರೆ ಗೆರೆಯಾಗಿ ಚಿತ್ರ ಬರೆಯುತ್ತದೆ, ಹಾಗಾಗಿ ಫಿಲ್ಮಿನಲ್ಲಿ ಅಡ್ಡ ಪಟ್ಟಿ ಉರುಳುತ್ತದೆ. ಅವರಿಗೂ ಮುಂದೆ ಹೇಳುವ ದಾರಿಯೇ ಸರಿ: ಒಂದೊಂದು ಫ್ರೇಮಿಗೂ ಅರ್ಧ ಸೆಕೆಂಡು ಷಟರ್ ತೆರೆದಿಡುವುದು. ಅಷ್ಟು ಹೊತ್ತಿನಲ್ಲಿ ಎಲ್ಲ ಮಿನುಗೂ ಸರಾಸರಿಯಾಗಿ ಹೋಗುತ್ತದೆ.

3. ಹಲಗೆ

ನಮ್ಮ ಮೆತ್ತಿನ (ಮಾಳಿಗೆಯ) ನೆಲ ಮರದ್ದು. ಕೆಳಗೆ ಯಾರಾದರೂ ಬಾಗಿಲು ಹಾಕಿದರೂ ಮೇಲೆ ಟ್ರೈಪಾಡ್ ನಡುಗುತ್ತದೆ. ಮೇಜಿನ ಮೇಲೆ ಮಾನಿಟರ್, ಬೇರೆ ಕಡೆ ಟ್ರೈಪಾಡ್ ಇಟ್ಟರೆ ಎರಡೂ ಬೇರೆ ಬೇರೆ ಅಲುಗುತ್ತವೆ. ಅದಕ್ಕೆ ಎರಡನ್ನೂ ಒಂದೇ ಹಲಗೆಗೆ ಕಟ್ಟಿದೆ. ಅಲುಗಿದರೆ ಒಟ್ಟಿಗೇ ಅಲುಗಲಿ.

ಹಲಸಿನ ಹಲಗೆ, ಐದು ಅಡಿ ಉದ್ದ, ಒಂದಡಿ ಅಗಲ, ಒಂದೂವರೆ ಇಂಚು ದಪ್ಪ, ಮನೆಯದ್ದೇ. ಕೆಳಗೆ ಹಳೆ ಸೈಕಲ್ ಟ್ಯೂಬಿನ ತುಂಡು. ಕ್ಯಾಮೆರಾ ಕೂರಿಸಲು 3/8 ಇಂಚಿನ ಬೋಲ್ಟು. ನನ್ನ ಬೋಲೆಕ್ಸಿನ ತಳದಲ್ಲಿ ಇರುವುದು ಆ ಅಳತೆ, ಈಗಿನ ಕ್ಯಾಮೆರಾಗಳ 1/4 ಅಲ್ಲ. ಬೋಲ್ಟು ತುಂಬ ಉದ್ದ ಇದ್ದರೆ ಒಳಗೆ ತಾಗುತ್ತದೆ, ವಾಷರ್ ಹಾಕಿ ಸರಿಮಾಡಿಕೊಳ್ಳಿ.

ದೂರದ ಲೆಕ್ಕ: ಪರದೆಯ 4:3 ಭಾಗ ಸುಮಾರು 40 ಸೆಂ.ಮೀ. ಅಗಲ, ಫಿಲ್ಮಿನ ಫ್ರೇಮು 10.26 ಎಂಎಂ ಅಗಲ. 25 ಎಂಎಂ ಲೆನ್ಸಿಗೆ ಪರದೆಯಿಂದ ಫಿಲ್ಮಿನವರೆಗೆ 102 ಸೆಂ.ಮೀ. ಬಂತು. ಲೆನ್ಸಿನ ತುದಿಯಿಂದ ಅಳೆಯಬೇಡಿ. ಕ್ಯಾಮೆರಾದ ಮೈಮೇಲೆ ಫಿಲ್ಮು ಇರುವ ಜಾಗಕ್ಕೆ ಗುರುತು ಇರುತ್ತದೆ, ಅಲ್ಲಿಂದ.

4. ಫ್ರೇಮು ಕೂರಿಸುವುದು, ಟಾರ್ಚ್ ಹಾಕಿ

ವ್ಯೂಫೈಂಡರ್ ನಂಬಿ ತೆಗೆದ ತುಂಡಿನಲ್ಲಿ ಎಡಗಡೆಯ ಮರ ಪೂರ್ತಿ ಹೊರಗೆ. ಬದಿಯಲ್ಲಿರುವ ಕಣ್ಣು, ಒಂದು ಮೀಟರ್ ದೂರದ ವಸ್ತು, ಇನ್ನೇನಾಗುತ್ತದೆ. ಸರಿಪಡಿಸುವ ತಿರುಪು ಇದೆ, ಆದರೆ ಒಂದೆರಡು ಸೆಂ.ಮೀ. ಲೆಕ್ಕದಲ್ಲಿ ಅದು ಸಾಲುವುದಿಲ್ಲ.

ಆಮೇಲೆ ಮಾಡಿದ್ದು ಉಲ್ಟಾ ಕೆಲಸ: ಕ್ಯಾಮೆರಾವನ್ನೇ ಪ್ರೊಜೆಕ್ಟರ್ ಮಾಡುವುದು. ಹಳೆಯ ಅನಿಮೇಶನ್ ಸ್ಟುಡಿಯೋಗಳಲ್ಲಿ ಇದು ಬಳಕೆಯಲ್ಲಿದ್ದ ಉಪಾಯವೇ. ಕ್ಯಾಮೆರಾದ ಬದಿಯ ಮುಚ್ಚಳ ತೆಗೆದೆ. ಫಿಲ್ಮನ್ನು ಹಿಂದಿನಿಂದ ಒತ್ತಿ ಹಿಡಿಯುವ ಪ್ಲೇಟು ಕಳಚಿ ಬರುತ್ತದೆ, ಅದನ್ನೂ ತೆಗೆದೆ. ಕೆಟ್ಟುಹೋದ ಟೆಸ್ಟ್ ಫಿಲ್ಮಿನ ಒಂದು ತುಂಡಿಗೆ ಸೂಜಿಯಲ್ಲಿ ಗೀರಿ ಆ ಜಾಗದಲ್ಲಿ ಸಿಕ್ಕಿಸಿದೆ. ಷಟರ್ ತೆರೆದಿಟ್ಟು, ಹಲ್ಲಿನ ಡಾಕ್ಟರರು ಬಾಯೊಳಗೆ ಹಾಕುತ್ತಾರಲ್ಲ, ಆ ಸಣ್ಣ ಕನ್ನಡಿಯನ್ನು ಫಿಲ್ಮಿನ ಹಿಂದೆ ಓರೆಯಾಗಿ ಹಿಡಿದು, ಬದಿಯಿಂದ ಸಣ್ಣ ಎಲ್‌ಇಡಿ ಟಾರ್ಚ್ ಬಿಟ್ಟೆ. ಮಾನಿಟರಿಗೆ ಮೊದಲೇ ಬಿಳಿ ಕಾಗದ ಅಂಟಿಸಿದ್ದೆ. ಲೈಟ್ ಆರಿಸಿದ ಕೋಣೆಯಲ್ಲಿ ಕಾಗದದ ಮೇಲೆ ಬೆಳಕಿನ ಚೌಕ ಬಿತ್ತು, ಅದರೊಳಗೆ ಸೂಜಿ ಗೀರಿದ ಗೆರೆಗಳು. ಕ್ಯಾಮೆರಾ ಕಾಣುವುದು ಅಷ್ಟೇ ಜಾಗ, ಒಂದು ಕೂದಲೂ ಆಚೆಈಚೆ ಇಲ್ಲ.

ಇದರಲ್ಲಿ ಮೂರು ಕೆಲಸ ಒಟ್ಟಿಗೆ ಆಯಿತು. ಚೌಕದ ನಾಲ್ಕು ಮೂಲೆಗೆ ಪೆನ್ಸಿಲ್ ಗುರುತು ಹಾಕಿದೆ. ಚೌಕ ಒಂದು ಕಡೆ ಅಗಲ, ಒಂದು ಕಡೆ ಸಣ್ಣ ಇತ್ತು, ಅಂದರೆ ಕ್ಯಾಮೆರಾ ಓರೆ. ಕೆಳಗೆ ತೆಳು ರಟ್ಟು ಕೊಟ್ಟು ನೇರ ಮಾಡಿದೆ. ಲೆನ್ಸನ್ನು ಎಫ್/1.4ಕ್ಕೆ ಪೂರ್ತಿ ತೆರೆದು ಸೂಜಿಗೆರೆ ಚೂಪಾಗುವವರೆಗೆ ಫೋಕಸ್ ತಿರುಗಿಸಿ, ಅಲ್ಲೇ ಟೇಪ್ ಹಚ್ಚಿದೆ. ಲೆನ್ಸಿನ ಮೇಲಿನ ಅಂಕಿಗೂ ಇದಕ್ಕೂ ಸ್ವಲ್ಪ ವ್ಯತ್ಯಾಸವೇ ಇತ್ತು. ನಾನು ನಂಬಿದ್ದು ಗೆರೆಯನ್ನು.

ಒಂದು ಎಚ್ಚರ. ಪ್ರೊಜೆಕ್ಟರ್ ತೋರಿಸುವ ಕಿಟಕಿ ಕ್ಯಾಮೆರಾದ್ದಕ್ಕಿಂತ ಚಿಕ್ಕದು, 9.65×7.21 ಎಂಎಂ. ಎಡಬಲದಲ್ಲಿ ಒಂದೊಂದು ಕಡೆ ನಲವತ್ತು ಚಿಲ್ಲರೆ ಪಿಕ್ಸೆಲ್ ಕತ್ತರಿಸಿ ಹೋಗುತ್ತದೆ. ನಾವು 60 ಪಿಕ್ಸೆಲ್ ಅಂಚು ಖಾಲಿ ಬಿಟ್ಟೆವು.

5. ಗುಂಡಿ ಒತ್ತುವ ಯಂತ್ರ

1,440 ಸಲ ಕೈಯಲ್ಲಿ ಒತ್ತುವುದು ಆಗದ ಮಾತು, ಒತ್ತಿದರೂ ಕ್ಯಾಮೆರಾ ಅಲುಗುತ್ತದೆ. ಬೋಲೆಕ್ಸಿನಲ್ಲಿ ಒಂದೊಂದೇ ಫ್ರೇಮ್ ತೆಗೆಯುವ ವ್ಯವಸ್ಥೆ ಇದೆ, ಅದರಲ್ಲಿ ಎರಡು ಬಗೆ. ‘ಐ’ಗೆ ಇಟ್ಟರೆ ಒಂದು ಒತ್ತಿಗೆ ಸುಮಾರು 1/30 ಸೆಕೆಂಡಿನ ಫ್ರೇಮು. ‘ಟಿ’ಗೆ ಇಟ್ಟರೆ ಒತ್ತಿ ಹಿಡಿದಷ್ಟು ಹೊತ್ತು ಷಟರ್ ತೆರೆದೇ ಇರುತ್ತದೆ.

‘ಐ’ಯಲ್ಲಿ ತೆಗೆದದ್ದು ಸರಿ ಬರಲಿಲ್ಲ. ಸ್ಪ್ರಿಂಗು ಬಿಗಿ ಇರುವಾಗ ಒಂದು ವೇಗ, ಸಡಿಲ ಆಗುತ್ತಾ ಇನ್ನೊಂದು. ಬೆಳಕು ಫ್ರೇಮಿಂದ ಫ್ರೇಮಿಗೆ ಉಸಿರಾಡುತ್ತಿತ್ತು. ‘ಟಿ’ಯಲ್ಲಿ ಆ ತಾಪತ್ರಯ ಇಲ್ಲ. ಅರ್ಧ ಸೆಕೆಂಡಿನಲ್ಲಿ ಸೆಕೆಂಡಿನ ನೂರರಲ್ಲಿ ಒಂದೆರಡು ಪಾಲು ಹೆಚ್ಚುಕಡಿಮೆ ಆದರೂ ಕಣ್ಣಿಗೆ ಕಾಣುವುದಿಲ್ಲ. ಷಟರಿನ ಹೊತ್ತನ್ನು ಹಳೆಯ ಸ್ಪ್ರಿಂಗಿನ ಕೈಯಿಂದ ಕಿತ್ತು ಕಂಪ್ಯೂಟರಿಗೆ ಕೊಟ್ಟ ಹಾಗೆ ಆಯಿತು.

ಜೋಡಣೆ ಹೀಗೆ: ಎಂಜಿ996ಆರ್ ಸರ್ವೋ (ಹೇಳಿದಷ್ಟೇ ತಿರುಗುವ) ಮೋಟರು, ಅದರ ತೋಳು ಕೇಬಲ್ ರಿಲೀಸಿನ, ಅಂದರೆ ಕ್ಯಾಮೆರಾದ ಗುಂಡಿಯನ್ನು ದೂರದಿಂದ ಒತ್ತುವ ತಂತಿಯ, ತುದಿ ಒತ್ತುತ್ತದೆ. ಆರ್ಡುಯಿನೋ ನ್ಯಾನೋ ಅನ್ನುವ ಪುಟ್ಟ ಕಂಟ್ರೋಲರ್ ಬೋರ್ಡು ಸರ್ವೋವನ್ನು ಆಡಿಸುತ್ತದೆ. ಲ್ಯಾಪ್‌ಟಾಪಿನಲ್ಲಿ ಪೈಥಾನ್ ಸ್ಕ್ರಿಪ್ಟು: ಚಿತ್ರ ತೋರಿಸು, 300 ಮಿಲಿಸೆಕೆಂಡು ಕಾಯು, ‘ಒತ್ತು’ ಅಂತ ನ್ಯಾನೋಗೆ ಹೇಳು, ಅರ್ಧ ಸೆಕೆಂಡು ಬಿಟ್ಟು ‘ಬಿಡು’, ಇನ್ನರ್ಧ ಸೆಕೆಂಡು ಕಾದು ಮುಂದಿನದು. ಒಂದು ಫ್ರೇಮಿಗೆ ಒಂದೂವರೆ ಸೆಕೆಂಡಿನ ಹತ್ತಿರ.

ಕೈಕೊಟ್ಟದ್ದು ಇಲ್ಲೇ ಜಾಸ್ತಿ.

ಸರ್ವೋಗೆ ನ್ಯಾನೋದ 5 ವೋಲ್ಟ್ ಪಿನ್ನಿನಿಂದಲೇ ಕರೆಂಟು ಕೊಟ್ಟಿದ್ದೆ. ಸರ್ವೋ ಜೋರಾಗಿ ಎಳೆದಾಗ ನ್ಯಾನೋ ರೀಸೆಟ್ ಆಗಿ, ಶುರುವಾಗುವಾಗ ಸರ್ವೋ ಒಂದು ಸಲ ಜರ್ಕ್ ಹೊಡೆದು, ಬೇಡದ ಫ್ರೇಮು ಒತ್ತಿಬಿಡುತ್ತಿತ್ತು. ಸರ್ವೋಗೆ ಬೇರೆಯೇ 5 ವೋಲ್ಟ್ 2 ಆಂಪ್ ಫೋನ್ ಚಾರ್ಜರ್ ಹಾಕಿ, ನೆಗೆಟಿವ್ ಮಾತ್ರ ಎರಡಕ್ಕೂ ಒಂದೇ ಮಾಡಿದೆ. ಆದರೂ ಸ್ಕ್ರಿಪ್ಟು ಶುರು ಮಾಡಿದಾಗಲೆಲ್ಲ ಒಂದು ಫ್ರೇಮು ಹೋಗುತ್ತಿತ್ತು. ಕಾರಣ, ಕಂಪ್ಯೂಟರು ಸೀರಿಯಲ್ ಪೋರ್ಟ್ ತೆರೆದ ಕೂಡಲೇ ನ್ಯಾನೋ ತಾನಾಗೇ ರೀಸೆಟ್ ಆಗುತ್ತದೆ, ಅದರ ವಿನ್ಯಾಸವೇ ಹಾಗೆ. ರೀಸೆಟ್ ಪಿನ್ನಿಗೂ ಗ್ರೌಂಡಿಗೂ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದ ಮೇಲೆ ನಿಂತಿತು. ನ್ಯಾನೋಗೆ ಹೊಸ ಪ್ರೋಗ್ರಾಂ ಹಾಕುವಾಗ ಅದನ್ನು ಕೀಳಬೇಕು, ಮರೆತರೆ ಅಪ್‌ಲೋಡೇ ಆಗುವುದಿಲ್ಲ.

ಸರ್ವೋವನ್ನು ಮೊದಲು ಕ್ಯಾಮೆರಾದ ಮೈಗೇ ಕಟ್ಟಿದ್ದೆ. ಒತ್ತಿ ಹಿಡಿದಿರುವಾಗ ಅದು ಜುಂಯ್ ಅಂತ ನಡುಗುತ್ತಿರುತ್ತದೆ, ಆ ಅರ್ಧ ಸೆಕೆಂಡು ಕ್ಯಾಮೆರಾವೂ ನಡುಗುತ್ತದೆ, ಗೆರೆಗಳೆಲ್ಲ ಮಬ್ಬು. ಈಗ ಸರ್ವೋ ಹಲಗೆಯ ಇನ್ನೊಂದು ತುದಿಯಲ್ಲಿ ಸ್ಪಂಜಿನ ಮೇಲಿದೆ, ನಡುವೆ ಕೇಬಲ್ ರಿಲೀಸ್ ಮಾತ್ರ.

ಇನ್ನು ಕರೆಂಟು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟಿನ ಕಥೆ ಗೊತ್ತೇ ಇದೆ. ಟೆಸ್ಟ್ ತೆಗೆಯುವಾಗ ಹೋಯಿತು. ಮಾನಿಟರ್ ಆರಿತು, ಚಾರ್ಜರಿನಲ್ಲಿದ್ದ ಸರ್ವೋ ಸತ್ತಿತು, ಆದರೆ ಲ್ಯಾಪ್‌ಟಾಪು ಬ್ಯಾಟರಿಯ ಮೇಲೆ ಆರಾಮಾಗಿ ಎಣಿಸುತ್ತಲೇ ಹೋಯಿತು. ಕ್ಯಾಮೆರಾ ಒಂದು ಫ್ರೇಮೂ ತೆಗೆದಿಲ್ಲ, ಸ್ಕ್ರಿಪ್ಟು ಮಾತ್ರ ಎಲ್ಲ ತೆಗೆದಾಯಿತು ಅನ್ನುತ್ತಿದೆ. ಬೋಲೆಕ್ಸಿನ ಬದಿಯಲ್ಲಿರುವ ಫ್ರೇಮ್ ಎಣಿಸುವ ಮುಳ್ಳು ನೋಡಿ ಗೊತ್ತಾಯಿತು. ಈಗ ಪ್ರತಿ ಫ್ರೇಮಿಗೂ ಮೊದಲು ‘ಲ್ಯಾಪ್‌ಟಾಪು ಚಾರ್ಜಿಂಗ್‌ನಲ್ಲಿ ಇದೆಯಾ’ ಅಂತ ಕೇಳುವ ಎರಡು ಸಾಲು ಸ್ಕ್ರಿಪ್ಟಿನಲ್ಲಿವೆ. ಇಲ್ಲದಿದ್ದರೆ ಅಲ್ಲೇ ನಿಂತು, ಕೊನೆಯ ಫ್ರೇಮಿನ ಸಂಖ್ಯೆ ಫೈಲಿನಲ್ಲಿ ಬರೆದಿಡುತ್ತದೆ.

6. ಬೆಳಕು, ಮತ್ತು ಉಲ್ಟಾ ಚಿತ್ರ

ಡಬಲ್-ಎಕ್ಸ್ ನೆಗೆಟಿವ್ ಫಿಲ್ಮು. ತೊಳೆದು ನೇರ ಪ್ರೊಜೆಕ್ಟರಿಗೆ ಹಾಕಿದರೆ ಬಿಳಿ ಕಪ್ಪಾಗಿ, ಕಪ್ಪು ಬಿಳಿಯಾಗಿ ಕಾಣುತ್ತದೆ. ಪಾಸಿಟಿವ್ ಪ್ರಿಂಟ್ ತೆಗೆಸುವುದು ದೂರದ ಮಾತು, ರಿವರ್ಸಲ್, ಅಂದರೆ ಅದೇ ಫಿಲ್ಮನ್ನು ತೊಳೆಯುವಾಗಲೇ ಪಾಸಿಟಿವ್, ಮಾಡಬೇಕೆಂದರೆ ಬ್ಲೀಚು, ಎರಡನೇ ಬೆಳಕು, ಎರಡನೇ ಡೆವಲಪರು. ಆದರೆ ನಾನು ತೆಗೆಯುತ್ತಿರುವುದು ಪರದೆಯನ್ನು ಅಲ್ವಾ? ಪರದೆಯ ಮೇಲೇ ಚಿತ್ರವನ್ನು ಉಲ್ಟಾ ಮಾಡಿ ತೋರಿಸಿದರೆ ಮುಗಿಯಿತು. ಉಲ್ಟಾದ ಉಲ್ಟಾ ಸುಲ್ಟಾ. ಪೈಥಾನಿನಲ್ಲಿ ಒಂದು ಸಾಲು: ಪ್ರತಿ ಪಿಕ್ಸೆಲಿನ ಬೆಳಕಿನ ಅಂಕಿಯನ್ನು (ಕಪ್ಪು 0, ಬಿಳಿ 255) 255ರಿಂದ ಕಳೆ. ಕ್ಯಾಮೆರಾದಿಂದ ಬಂದ ನೆಗೆಟಿವೇ ಪ್ರೊಜೆಕ್ಟರಿಗೆ ಪಾಸಿಟಿವ್.

ಈ ಒಂದು ವಿಚಾರ ಹೊಳೆದ ಮೇಲೆ ಮಿಕ್ಕದ್ದಕ್ಕೂ ಅದೇ ದಾರಿ ಹಿಡಿದೆ. ರಾಸಾಯನಿಕದಲ್ಲಿ, ಲೆನ್ಸಿನಲ್ಲಿ ಸರಿಮಾಡಲು ಕಷ್ಟವಾದದ್ದನ್ನೆಲ್ಲ ಪರದೆಯ ಮೇಲೆ ಪುಕ್ಕಟೆ ಸರಿಮಾಡಿಕೊಳ್ಳುವುದು.

ಎಷ್ಟು ಬೆಳಕು ಅಂತ ತಿಳಿಯಲು ಪರದೆಯ ಮೇಲೆ ಕಪ್ಪಿನಿಂದ ಬಿಳಿಯವರೆಗೆ 11 ಮೆಟ್ಟಿಲು ಹಾಕಿ, ಪಕ್ಕದಲ್ಲೇ ದೊಡ್ಡ ಅಕ್ಷರದಲ್ಲಿ ಷಟರಿನ ಹೊತ್ತು ಬರೆದು ತೆಗೆದೆ: 1/8, 1/4, 1/2, 1, 2 ಸೆಕೆಂಡು, ಒಂದೊಂದಕ್ಕೂ 20 ಫ್ರೇಮು. ಒಟ್ಟು ಎರಡೂವರೆ ಅಡಿ ಖರ್ಚು. ವಿವರ ಫ್ರೇಮಿನೊಳಗೇ ಬರೆದಿರುವುದರಿಂದ ಪುಸ್ತಕದಲ್ಲಿ ಗುರುತು ಹಾಕುವ ಗೊಡವೆಯೇ ಇಲ್ಲ. ಎಫ್/8, ಲೆನ್ಸಿನ ಮುಂದೆ ಎನ್‌ಡಿ 0.9 ಫಿಲ್ಟರು, ಅರ್ಧ ಸೆಕೆಂಡು. ಅದು ಸರಿ ಬಂತು. ಆ ಫಿಲ್ಟರು ಬೆಳಕನ್ನು ಎಂಟರಲ್ಲಿ ಒಂದು ಪಾಲಿಗೆ ಇಳಿಸುತ್ತದೆ. ಫಿಲ್ಟರಿಲ್ಲದೆ ಲೆನ್ಸನ್ನೇ ಎಫ್/22ಕ್ಕೆ ಕಿರಿದು ಮಾಡಿಯೂ ನೋಡಿದೆ, ಚಿತ್ರ ತೀರಾ ಮಬ್ಬಾಯಿತು. ಎಫ್/8ರಲ್ಲಿ ಪರದೆಯ ಪಿಕ್ಸೆಲ್ ಜಾಲರಿ ಮಾತ್ರ ಕರಗುತ್ತದೆ, ಗೆರೆ ಉಳಿಯುತ್ತದೆ.

ಉಲ್ಟಾ ಮಾಡಿದಾಗ ಹೊಸದೊಂದು ತಕರಾರು. ಕಾಗದದ ಮೇಲಿನ ಕಪ್ಪು ಗೆರೆ ಈಗ ಕಪ್ಪು ಪರದೆಯ ಮೇಲೆ ಹೊಳೆಯುವ ಬಿಳಿ ಗೆರೆ. ಅಷ್ಟು ಹೊಳಪಿನ ಗೆರೆಯ ಬೆಳಕು ಫಿಲ್ಮಿನೊಳಗೆ ಸುತ್ತಲೂ ಹರಡುತ್ತದೆ. ಪ್ರೊಜೆಕ್ಟರಿನಲ್ಲಿ ನೋಡಿದರೆ ತೆಳ್ಳಗಿನ ನೇಣು ಬಸ್ಸಿನ ಟೈರಿನಷ್ಟು ದಪ್ಪ. ಗೆರೆಯನ್ನು 255ರ ಬದಲು 210ಕ್ಕೆ ಇಳಿಸಿ, ಎಲ್ಲ ಗೆರೆಯನ್ನೂ 5ರಿಂದ 3 ಪಿಕ್ಸೆಲಿಗೆ ತೆಳು ಮಾಡಿದೆವು. ತಂಗಿಯ ಮಗಳು ಸಿಟ್ಟು ಮಾಡಿದಳು. ಪರದೆಯ ಮೇಲೆ ನೋಡಲು ಚಿತ್ರ ಬಡಕಲಾಗಿ ಕಾಣುತ್ತಿತ್ತು, ನಿಜ. ಫಿಲ್ಮಿನಲ್ಲಿ ನೋಡಿದ ಮೇಲೆ ಸುಮ್ಮನಾದಳು.

ಇನ್ನೊಂದು: ನೆಗೆಟಿವ್ ಫಿಲ್ಮು ಸ್ವಭಾವತಃ ಸಪ್ಪೆ, ಪ್ರೊಜೆಕ್ಟರಿಗೆ ಬೇಕಾದಷ್ಟು ಕಪ್ಪು ಬಿಳುಪಿನ ಅಂತರ ಅದರಲ್ಲಿ ಇರುವುದಿಲ್ಲ. ಬೂದು ಬಣ್ಣಗಳನ್ನು ಪರದೆಯ ಮೇಲೆ ದೂರ ದೂರ ಎಳೆದೆ, ತೊಳೆಯುವ ಹೊತ್ತನ್ನೂ ಜಾಸ್ತಿ ಮಾಡಿದೆ. ಗೆರೆಚಿತ್ರವಾದ್ದರಿಂದ ಸುಲಭವಾಯಿತು. ಫೋಟೋದಂಥ ಚಿತ್ರ ಇದ್ದವರು ಇದಕ್ಕೆ ಇನ್ನೂ ಒದ್ದಾಡಬೇಕು.

ಕಂಪ್ಯೂಟರಿನ ಕಡೆ ಆಫ್ ಮಾಡಲೇಬೇಕಾದವು: ಮೌಸಿನ ಬಾಣ, ಸ್ಕ್ರೀನ್‌ಸೇವರ್, ನೋಟಿಫಿಕೇಶನ್, ಮಾನಿಟರಿನ ಡೈನಾಮಿಕ್ ಕಾಂಟ್ರಾಸ್ಟ್. ಡೈನಾಮಿಕ್ ಕಾಂಟ್ರಾಸ್ಟ್ ಇದ್ದರೆ ಚಿತ್ರ ಕಪ್ಪಾದಾಗ ಮಾನಿಟರ್ ತಾನೇ ಬೆಳಕು ಇಳಿಸುತ್ತದೆ, ಉಲ್ಟಾ ಚಿತ್ರವೆಲ್ಲ ಕಪ್ಪೇ ಅಲ್ವಾ. ಇವೆಲ್ಲ ಮಾಡಿಯೂ ಒಂದು ಟೆಸ್ಟಿನಲ್ಲಿ ಅರ್ಧಕ್ಕೆ ಬೆಳಕು ಇಳಿದಿತ್ತು. ಹುಡುಕಿದರೆ, ಸಂಜೆಯಾದ ಕೂಡಲೇ ಪರದೆಯನ್ನು ಹಳದಿ ಮಾಡುವ ನೈಟ್ ಲೈಟ್.

7. ಕಂಬಳಿ

ಪರದೆಯಲ್ಲಿ ಕ್ಯಾಮೆರಾದ ಹೊಳೆಯುವ ಭಾಗಗಳ ಪ್ರತಿಬಿಂಬ ಬೀಳಬಾರದೆಂದು ಮನೆಯ ಕರಿ ಕಂಬಳಿಯನ್ನು ಕ್ಯಾಮೆರಾ, ಮಾನಿಟರು, ನನ್ನ ತಲೆ ಎಲ್ಲದರ ಮೇಲೂ ಹೊದೆಸಿದ್ದೆ. ಆಯಿ ಮೇಲೆ ಬಂದವಳು, “ಮನೆ ಒಳಗೆ ಕಂಬಳಿ ಹೊದ್ಕಂಡು ಎಂತ ಮಾಡ್ತಾ ಇದ್ಯ ತಮಾ?” ಅಂತ ಕೇಳಿ, ಉತ್ತರಕ್ಕೂ ಕಾಯದೆ ಇಳಿದು ಹೋದಳು. ಬೆಳಕು ತಡೆಯುವುದರಲ್ಲಿ ಕಂಬಳಿಗೆ ಸಾಟಿ ಇಲ್ಲ. ಆದರೆ ಅದರ ಒಂದು ಎಳೆ ಉಣ್ಣೆ ಕ್ಯಾಮೆರಾದ ಕಿಟಕಿಗೆ ಸೇರಿಕೊಂಡು, ಇಡೀ ಟೆಸ್ಟಿನಲ್ಲಿ ಚಿತ್ರದ ಕೆಳ ಅಂಚಿನಲ್ಲಿ ಕುಣಿಯಿತು. ಈಗ ಸ್ಟೇಶನರಿ ಅಂಗಡಿಯ ಕಪ್ಪು ಕಾಗದದ ಕೊಳವೆ, ಲೆನ್ಸಿನಿಂದ ಪರದೆಯ ಅಂಚಿನವರೆಗೆ. ಫಿಲ್ಮು ಹಾಕುವ ಮೊದಲು ಕಿಟಕಿಯನ್ನು ಮೆತ್ತನೆ ಬ್ರಷ್ಷಿನಲ್ಲಿ ಒರೆಸಿ ಟಾರ್ಚ್ ಬಿಟ್ಟು ನೋಡುವುದು ಅಭ್ಯಾಸವಾಗಿದೆ.

8. ತೊಳೆಯುವುದು

ಈ ಭಾಗ ಚಿಕ್ಕದಾಗಿ. ಡೆವಲಪರು ಡಿ-76, ನಾನೇ ಬೆರೆಸಿದ್ದು. ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100, ಹೈಡ್ರೋಕ್ವಿನೋನ್ 5, ಬಿಳಿಗಾರ 2. ಮೊದಲ ಮೂರೂ ಹುಬ್ಬಳ್ಳಿಯಿಂದ ತಂದಿದ್ದು. ಬೆಚ್ಚಗಿನ ನೀರಿಗೆ ಒಂದು ಚಿಟಿಕೆ ಸಲ್ಫೈಟು, ಆಮೇಲೆ ಮೆಟಾಲ್, ಅದು ಕರಗಿದ ಮೇಲೆ ಉಳಿದ ಸಲ್ಫೈಟು. ಸಲ್ಫೈಟನ್ನು ಪೂರ್ತಿ ಮೊದಲೇ ಹಾಕಿದರೆ ಮೆಟಾಲ್ ಕರಗುವುದೇ ಇಲ್ಲ. ಚಿತ್ರ ಗಟ್ಟಿ ನಿಲ್ಲಿಸುವ ಫಿಕ್ಸರಿಗೆ ಹೈಪೋ, ಲೀಟರಿಗೆ 250 ಗ್ರಾಂ.

ಟೆಸ್ಟ್ ತುಂಡುಗಳನ್ನು ಬಕೆಟ್ಟಿನಲ್ಲಿ ಸುಮ್ನೆ ಮುಳುಗಿಸಿ ಕಲಕಿದ್ದೆ. ಒಂದಕ್ಕೊಂದು ಅಂಟಿದಲ್ಲೆಲ್ಲ ಕಲೆ, ಮೈತುಂಬ ಗೀರು. ಕೊನೆಯ ಫಿಲ್ಮಿಗೆ ಉಳಿದಿದ್ದ 8 ಇಂಚಿನ ಪಿವಿಸಿ ಪೈಪಿನ ತುಂಡನ್ನು ಡ್ರಮ್ ಮಾಡಿ, ಸರಳು ತೂರಿಸಿ, 2 ಲೀಟರ್ ಹಿಡಿಯುವ ಉದ್ದನೆಯ ಟ್ರೇ ಮೇಲೆ ತಿರುಗಿಸಿದೆ. ಒಂದು ಸುತ್ತಿಗೆ 63 ಸೆಂ.ಮೀ. ಫಿಲ್ಮು, 36 ಅಡಿಗೆ ಹದಿನೆಂಟು ಸುತ್ತು. ಫಿಲ್ಮಿನ ಮಸುಕು ಬದಿ ಹೊರಗೆ ಬರಬೇಕು. ಒದ್ದೆಯಾದಾಗ ಫಿಲ್ಮು ಉದ್ದವಾಗಿ ಸಡಿಲಾಗುತ್ತದೆ, ಹಾಗಾಗಿ ತುದಿಗೆ ರಬ್ಬರ್ ಬ್ಯಾಂಡ್ ಕಟ್ಟಿ. 22 ಡಿಗ್ರಿ ನೀರಿನಲ್ಲಿ 11 ನಿಮಿಷ. ಡೆವಲಪರ್ ಗಾಳಿಗೆ ತಾಗಿ ಹಾಳಾಗುತ್ತದೆ, ಒಂದೇ ಸಲಕ್ಕೆ ಚೆಲ್ಲಿ.

ಕತ್ತಲೆಯ ಬಗ್ಗೆ ಒಂದು ಮಾತು. ಇದು ಎಲ್ಲ ಬಣ್ಣದ ಬೆಳಕನ್ನೂ ಹಿಡಿಯುವ ಫಿಲ್ಮು, ಹಳೆಯ ಫೋಟೋ ಸ್ಟುಡಿಯೋಗಳ ಕೆಂಪು ಬಲ್ಬು ಇಲ್ಲಿ ನಡೆಯುವುದಿಲ್ಲ. ರಾತ್ರಿ ಬಚ್ಚಲಮನೆಯಲ್ಲಿ ಬಾಗಿಲ ಸಂದಿಗೆಲ್ಲ ಬಟ್ಟೆ ತುರುಕಿ ಕೂತಿದ್ದೆ. ಹೊರಗಿನ ಬೆಳಕು ಒಂದು ಚೂರೂ ಇಲ್ಲ. ಬೆನ್ನ ಹಿಂದೆ ಹಂಡೆಯ ಒಲೆಯಲ್ಲಿ ಸಂಜೆಯ ಕೆಂಡ ಬೂದಿ ಮುಚ್ಚಿಕೊಂಡು ಕೆಂಪಗೆ ಇತ್ತು. ಆ ಟೆಸ್ಟ್ ಪೂರ್ತಿ ಮಂಜು ಕವಿದ ಹಾಗೆ ಬಂತು. ಈಗ ಬೆಳಿಗ್ಗೆಯೇ ಒಲೆಗೆ ನೀರು ಹಾಕಿ ಆರಿಸಿರುತ್ತೇನೆ, ಆ ದಿನ ಮನೆಯವರಿಗೆಲ್ಲ ಸಂಜೆ ತಣ್ಣೀರು ಸ್ನಾನ.

9. ಪೂರ್ತಿ ತೆಗೆದದ್ದು

ದೀಪಾವಳಿ ಕಳೆದು ಮಳೆ ಪೂರ್ತಿ ನಿಂತ ಮೇಲೆ, ರಾತ್ರಿ ಎಲ್ಲರೂ ಮಲಗಿದಾಗ. ಬೋಲೆಕ್ಸಿಗೆ ಪೂರ್ತಿ ಕೀಲಿ ಕೊಟ್ಟರೆ ಹದಿನಾರು ಅಡಿ ಚಿಲ್ಲರೆ ಓಡುತ್ತದೆ, ಸುಮಾರು 650 ಫ್ರೇಮು. ಅಷ್ಟು ಕಾಯದೆ 300ಕ್ಕೊಮ್ಮೆ ಸ್ಕ್ರಿಪ್ಟು ತಾನೇ ನಿಂತು ಬೀಪ್ ಅನ್ನುವ ಹಾಗೆ ಮಾಡಿದ್ದೆ. ಕೀಲಿ ಕೊಡುವುದು, ಮುಳ್ಳಿನ ಎಣಿಕೆ ಸ್ಕ್ರಿಪ್ಟಿನ ಎಣಿಕೆಗೆ ತಾಳೆ ನೋಡುವುದು, ಮುಂದುವರಿಸುವುದು. ಕೀಲಿ ತಿರುಗಿಸುವಾಗ ಕ್ಯಾಮೆರಾವನ್ನು ಇನ್ನೊಂದು ಕೈಯಲ್ಲಿ ಗಟ್ಟಿಯಾಗಿ ಹಿಡಿಯಿರಿ. ಹಿಡಿದರೂ ಮೊದಲ ನಿಲುಗಡೆಯ ನಂತರ ಚಿತ್ರ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿದೆ. ಗೊತ್ತಿದ್ದವರಿಗೆ ಮಾತ್ರ ಕಾಣುತ್ತದೆ, ಗೊತ್ತಿರುವುದರಿಂದ ನನಗೆ ಅದೇ ಕಾಣುತ್ತದೆ. ಮುಂದಿನ ಸಲ ಕೀಲಿ ಕೊಡುವ ನಿಲುಗಡೆಯನ್ನು ದೃಶ್ಯ ಬದಲಾಗುವ ಜಾಗಕ್ಕೇ ಇಡುತ್ತೇನೆ.

ಕರೆಂಟು ಹೋಗಲಿಲ್ಲ. ಮುಳ್ಳು ಮತ್ತು ಸ್ಕ್ರಿಪ್ಟು ಕೊನೆಯವರೆಗೂ ಒಂದೇ ಹೇಳಿದವು.

ಖರ್ಚು: ಫಿಲ್ಮು 5,500, ಸರ್ವೋ 380, ನ್ಯಾನೋ 320, ಕೇಬಲ್ ರಿಲೀಸ್ 450, ಎನ್‌ಡಿ ಫಿಲ್ಟರು 600, ರಾಸಾಯನಿಕ 1,400, ಬೋಲ್ಟು, ಕಾಗದ, ಟೇಪು ಇತ್ಯಾದಿ 250. ಒಟ್ಟು 8,900 ರೂಪಾಯಿ. ಕ್ಯಾಮೆರಾ, ಮಾನಿಟರು, ಹಲಗೆ ಮನೆಯಲ್ಲೇ ಇದ್ದವು. ಪ್ರೊಜೆಕ್ಟರು ಕುಮಟಾದ ಪರಿಚಯದವರೊಬ್ಬರದು, ಎರವಲು.

10. ತೋರಿಸಿದ್ದು, ಬಾಕಿ ಉಳಿದದ್ದು

ಅಡಿಕೆ ಅಂಗಳದ ಗೋಡೆಗೆ ಬಿಳಿ ಪಂಚೆ ಕಟ್ಟಿ ಓಡಿಸಿದೆವು. ಗೆರೆಗಳು ಗಟ್ಟಿ ಕಪ್ಪು, ಹಿನ್ನೆಲೆ ಸ್ವಲ್ಪ ಬೂದು. ಈ ಫಿಲ್ಮಿನ ತಳವೇ ಬೂದು ಬಣ್ಣದ್ದು, ಅದಕ್ಕೆ ಏನೂ ಮಾಡುವಂತಿಲ್ಲ. ಬೂದು ತುಂಬಿದ ಕಡೆ ಗ್ರೇನು, ಅದೇ ಕಾಳು ಕಾಳು, ಜೀವಂತವಾಗಿ ಅಲುಗುತ್ತದೆ.

ನಮ್ಮ ತೋಟಕ್ಕೆ ಬರುವ ಕೊನೆಗಾರನನ್ನೂ ಕರೆದಿದ್ದೆ. ಒಮ್ಮೆ ನೋಡಿ, ಇನ್ನೊಮ್ಮೆ ಹಾಕಲು ಹೇಳಿ, ಕೊನೆ ಜಾರುವಲ್ಲಿ ಕೈ ಎತ್ತಿದ. “ಹೆಗಡೇರೆ, ನೇಣು ಇಷ್ಟು ಸಡ್ಲ ಹಿಡಿದ್ರೆ ಕೊನೆ ಮರಕ್ಕೇ ಬಡೀತದೆ. ಕೆಳಗೆ ಹಿಡಿದವ ಯಾರು, ನೀವೇ ಅಲ್ವಾ?”

ನೋಡಿದರೆ ಹೌದು. ನೇಣು ಜೋತುಬಿದ್ದಿದೆ, ಕೊನೆ ಅದರ ಮೇಲೆ ಯಾವ ಧೈರ್ಯದಲ್ಲಿ ಜಾರುತ್ತಿದೆಯೋ. 720 ಚಿತ್ರ ನೋಡಿದ ನಮ್ಮಿಬ್ಬರಿಗೂ ಅದು ಕಂಡಿರಲಿಲ್ಲ. ನೇಣು ಕೊನೆಗಾರನ ಕೈಯಿಂದ ಕೆಳಗೆ ಹಿಡಿದವನವರೆಗೆ ಬಿಗಿಯಾಗಿ, ಓರೆಯಾಗಿ ಇರಬೇಕು. ಕೊನೆ ಇಳಿಯುವಾಗ ಮಾತ್ರ ಸ್ವಲ್ಪ ಬಾಗಬೇಕು, ಕೆಳಗಿನವನು ಹಿಂದಕ್ಕೆ ವಾಲಬೇಕು. ಫ್ರೇಮು 610ರಿಂದ 750, ಅಂದರೆ 70 ಚಿತ್ರ ಮತ್ತೆ ಬಿಡಿಸಬೇಕು. ತಂಗಿಯ ಮಗಳಿಗೆ ಪರೀಕ್ಷೆ, ಮುಗಿದ ಮೇಲೆ ಮಾಡುತ್ತಾಳಂತೆ. ಸುರುಳಿಯಲ್ಲಿ ಇನ್ನೂ 30 ಅಡಿಗಿಂತ ಜಾಸ್ತಿ ಫಿಲ್ಮು ಇದೆ. ಆ ಮೂರೂವರೆ ಅಡಿ ತೆಗೆದು, ತೊಳೆದು, ಹಳೆಯದನ್ನು ಕತ್ತರಿಸಿ ಅಂಟಿಸಬೇಕು. ಅದಕ್ಕೆ 16 ಎಂಎಂ ಸ್ಪ್ಲೈಸರ್ ಬೇಕು. ಪ್ರೊಜೆಕ್ಟರು ಕೊಟ್ಟವರ ಹತ್ತಿರ ಒಂದು ಇದೆ, ಅದರ ಬ್ಲೇಡು ತುಕ್ಕು ಹಿಡಿದಿದೆ.